ಸ್ಕೌಟ್ಸ್, ಗೈಡ್ಸ್ ಯಾಕೆ? ನಮ್ಮೂರ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಸ್ಕೌಟ್ ಮಾಸ್ಟರ್. ಪ್ರತಿ ಜೂನ್‌ನಲ್ಲಿ ಶಾಲೆಯ ಜಗಲಿಯಲ್ಲಿ ಕೊಡೆ ಮಡಚುತ್ತಾ ಯಾರಾದರೂ ಅಪ್ಪನೋ ಅಮ್ಮನೋ ನಿಲ್ಲಿಸುತ್ತಾರೆ. "ಮಾಷ್ಟ್ರೇ, ಒಂದು ವಿಷಯ ಕೇಳ್ಲಿಕ್ಕಿತ್ತು" ಅಂತ ಶುರು ಮಾಡುತ್ತಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಮಳೆಯಲ್ಲಿ ನಿಂತು ಅರ್ಧಂಬರ್ಧ ಹೇಳುವುದಕ್ಕಿಂತ ಒಮ್ಮೆ ಕೂತು ಬರೆಯೋಣ ಅನ್ನಿಸಿತು.

ಗ್ರೇಸ್ ಮಾರ್ಕ್ ಎಷ್ಟು ಸಿಗುತ್ತದೆ?

ಹತ್ತರಲ್ಲಿ ಎಂಟು ಜನ ಮೊದಲು ಕೇಳುವುದು ಇದನ್ನೇ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕೇರಳದಲ್ಲಿ ಸ್ಕೌಟ್ಸ್-ಗೈಡ್ಸ್‌ನ ಮೇಲಿನ ಹಂತಗಳಾದ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಪಡೆದ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಗ್ರೇಸ್ ಮಾರ್ಕ್ ಇದೆ. ಆದರೆ ಎಷ್ಟು, ಹೇಗೆ ಎಂಬ ಲೆಕ್ಕವನ್ನು ಸರಕಾರ ಆಗಾಗ ಬದಲಾಯಿಸುತ್ತದೆ. ನಿಮ್ಮ ಮಗು ಹತ್ತನೇ ಕ್ಲಾಸಿಗೆ ಬರುವ ವರ್ಷದ ಆದೇಶ ನೋಡಿಯೇ ಹೇಳಬೇಕು.

ಒಂದು ಮಾತು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಮಾರ್ಕಿಗಾಗಿ ಮಾತ್ರ ಬಂದ ಮಕ್ಕಳು ಎರಡನೇ ಮಳೆಗಾಲಕ್ಕೆ ಬಿಟ್ಟು ಹೋಗುತ್ತಾರೆ. ಆ ಮಾರ್ಕಿಗೆ ಬೇಕಾದ ದುಡಿಮೆ ಅದಕ್ಕಿಂತ ಜಾಸ್ತಿ. ಅಷ್ಟು ಹೊತ್ತು ಗಣಿತ ಮಾಡಿದ್ದರೆ ಆ ಮಾರ್ಕು ಹಾಗೆಯೇ ಸಿಗುತ್ತಿತ್ತು.

ಮತ್ತೆ ಇದರ ಉದ್ದೇಶ ಏನು?

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ತನ್ನನ್ನು ತಾನು ಸ್ವಯಂಪ್ರೇರಿತ, ರಾಜಕೀಯಕ್ಕೆ ಸೇರದ, ಮಕ್ಕಳ ಮತ್ತು ಯುವಜನರ ಶಿಕ್ಷಣ ಚಳವಳಿ ಎಂದು ಹೇಳಿಕೊಳ್ಳುತ್ತದೆ. ಹುಟ್ಟು, ಕುಲ, ಮತದ ಭೇದ ಇಲ್ಲದೆ ಎಲ್ಲರಿಗೂ ತೆರೆದಿರಬೇಕು. ಮಗುವಿನ ಮೈ, ಬುದ್ಧಿ, ಮನಸ್ಸು, ನಾಲ್ಕು ಜನರ ಜೊತೆ ಬಾಳುವ ಗುಣ ಎಲ್ಲವೂ ಬೆಳೆಯಬೇಕು. ಊರಿಗೂ ದೇಶಕ್ಕೂ ಜಗತ್ತಿಗೂ ಬೇಕಾದವನಾಗಬೇಕು. ಪುಸ್ತಕದಲ್ಲಿರುವುದು ಇಷ್ಟು.

ನನ್ನ ಮಾತಲ್ಲಿ ಹೇಳುವುದಾದರೆ, ದೊಡ್ಡವರು ಮಗುವನ್ನು ಮೊದಲು ನಂಬುತ್ತಾರೆ. ಆಮೇಲೆ ಆ ನಂಬಿಕೆಗೆ ತಕ್ಕ ಹಾಗೆ ಮಗು ಬೆಳೆಯುತ್ತದೆ. ಮನೆಯಲ್ಲಿ, ಕ್ಲಾಸಿನಲ್ಲಿ ನಾವು ಮಾಡುವುದು ಇದರ ತಿರುಗಾಮುರುಗ. "ಮೊದಲು ಸರಿಯಾಗಿ ಮಾಡಿ ತೋರಿಸು, ಮತ್ತೆ ನಂಬುತ್ತೇನೆ" ಅನ್ನುತ್ತೇವೆ. ಹನ್ನೆರಡು ವರ್ಷದ ಹುಡುಗನ ಕೈಗೆ ಬೆಂಕಿಪೆಟ್ಟಿಗೆ, ಕತ್ತಿ, ಎಂಟು ಜನರ ಅಕ್ಕಿ ಕೊಟ್ಟು "ಮಧ್ಯಾಹ್ನದ ಊಟ ನಿನ್ನ ಜವಾಬ್ದಾರಿ" ಅಂತ ಹೇಳಿ ನೋಡಿ. ಅವನ ನಡಿಗೆಯೇ ಬದಲಾಗುತ್ತದೆ.

ಇದು ಬ್ರಿಟಿಷರು ಬಿಟ್ಟು ಹೋದದ್ದಲ್ವಾ?

ಹುಟ್ಟಿದ್ದು ಬ್ರಿಟನ್ನಿನಲ್ಲಿ, ಹೌದು. ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ಎಂಬ ಪುಟ್ಟ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದುಕೊಂಡು ಹೋದರು. ಅರ್ಧ ಜನ ಶ್ರೀಮಂತರ ಶಾಲೆಯವರು, ಇನ್ನರ್ಧ ಕೂಲಿ ಕೆಲಸದವರ ಮಕ್ಕಳು. ಅವರನ್ನೆಲ್ಲ ಕಲಸಿ ನಾಲ್ಕು ತಂಡ ಮಾಡಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ವಿಷಯವಲ್ಲ. ಮರುವರ್ಷ ಹುಡುಗರಿಗಾಗಿ ಅವರು ಬರೆದದ್ದು ಹದಿನೈದು ದಿನಕ್ಕೊಂದರಂತೆ ಆರು ಕಂತುಗಳಲ್ಲಿ ಬಂತು. ಓದಿದ ಹುಡುಗರು ಯಾರನ್ನೂ ಕೇಳದೆ ತಾವೇ ದಳ ಕಟ್ಟಿಕೊಂಡರು. 1909ರಲ್ಲಿ ಲಂಡನ್ನಿನಲ್ಲಿ ಸ್ಕೌಟ್‌ಗಳ ದೊಡ್ಡ ಮೇಳ ಸೇರಿದಾಗ ಕರೆಯದೆಯೇ ಒಂದಷ್ಟು ಹುಡುಗಿಯರು ಬಂದು ನಿಂತರು. ನಮಗೂ ಬೇಕು ಅಂದರು. ಗೈಡ್ಸ್ ಹುಟ್ಟಿದ್ದು ಆ ಹಟದಿಂದ. ಬೇಡನ್ ಪೊವೆಲ್ ಅವರ ತಂಗಿ ಆಗ್ನೆಸ್ 1910ರಲ್ಲಿ ಅದನ್ನು ಮುನ್ನಡೆಸಿದರು.

ಭಾರತದಲ್ಲಿ 1909ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಆದರೆ ಆಗ ಭಾರತೀಯ ಮಕ್ಕಳಿಗೆ ಪ್ರವೇಶ ಇರಲಿಲ್ಲ! ಯುರೋಪಿಯನ್ನರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ಎಲ್ಲರ ಗೆಳೆಯನಾಗಿರು ಎಂಬ ನಿಯಮ ಬಾಯಲ್ಲಿ, ಬಾಗಿಲಲ್ಲಿ ಬೀಗ. ಇದನ್ನು ಒಪ್ಪದ ನಮ್ಮವರು ಸುಮ್ನೆ ಕೂರಲಿಲ್ಲ. ಶ್ರೀರಾಮ ಬಾಜಪೇಯಿ 1913ರಲ್ಲಿ ಶಹಜಹಾನ್‌ಪುರದಲ್ಲಿ ದಳ ಕಟ್ಟಿದರು. ಆನಿ ಬೆಸೆಂಟ್ 1916ರಲ್ಲಿ ಮದ್ರಾಸಿನಲ್ಲಿ ಭಾರತೀಯ ಹುಡುಗರಿಗಾಗಿ ಸಂಘ ಶುರು ಮಾಡಿದರು. ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಅಲಹಾಬಾದಿನಲ್ಲಿ ಸೇವಾ ಸಮಿತಿಯ ಸ್ಕೌಟ್ ಸಂಘ ಬೆಳೆಸಿದರು. ಕಾಸರಗೋಡು ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು ಎಂಬುದನ್ನು ನೆನಪಿಡಿ. ಬೆಸೆಂಟ್ ಅವರ ಮದ್ರಾಸ್ ನಮ್ಮ ಅಜ್ಜಂದಿರ ರಾಜಧಾನಿ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಒಂದಕ್ಕಿಂತ ಹೆಚ್ಚು ಸಂಘಗಳಿದ್ದವು. ನೆಹರೂ, ಮೌಲಾನಾ ಆಜಾದ್ ಮುಂತಾದವರ ಒತ್ತಾಸೆಯಿಂದ ಅವು ಕೂಡಿದವು. 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿತು. ಗೈಡ್ಸ್ ಸಂಘ ಬಂದು ಸೇರಿದ್ದು 1951ರ ಆಗಸ್ಟ್ 15ರಂದು. ಬ್ರಿಟಿಷರು ಬಿಟ್ಟು ಹೋದದ್ದು ಅನ್ನುವುದಕ್ಕಿಂತ, ಅವರು ಕೊಡದೆ ಇದ್ದಾಗ ನಮ್ಮವರು ಕಟ್ಟಿಕೊಂಡದ್ದು ಅನ್ನುವುದು ನನಗೆ ಸರಿ ಕಾಣುತ್ತದೆ.

ಖಾಕಿ, ಲೆಫ್ಟ್ ರೈಟ್ ಎಲ್ಲ ಇದೆ. ಮಿಲಿಟರಿ ತರಬೇತಿಯಾ? ಎನ್‌ಸಿಸಿ, ಎಸ್‌ಪಿಸಿ ಇರುವಾಗ ಇದು ಯಾಕೆ?

ಮೊದಲಿಗೆ, ಖಾಕಿ ಅಲ್ಲ. ಸ್ಕೌಟ್ ಹುಡುಗರದ್ದು ಉಕ್ಕಿನ ಬೂದು ಬಣ್ಣದ ಅಂಗಿ, ಕಡು ನೀಲಿ ಚಡ್ಡಿ ಅಥವಾ ಪ್ಯಾಂಟ್. ಕುತ್ತಿಗೆಗೆ ಸ್ಕಾರ್ಫ್.

ಎಂಟನೇ ಕ್ಲಾಸಿಗೆ ಬಂದ ಕೂಡಲೇ ನಮ್ಮ ಹೈಸ್ಕೂಲುಗಳಲ್ಲಿ ಮಕ್ಕಳಿಗೆ ಗಲಿಬಿಲಿ ಶುರು. ಎಸ್‌ಪಿಸಿ, ಜೆಆರ್‌ಸಿ, ಲಿಟ್ಲ್ ಕೈಟ್ಸ್, ಎನ್‌ಸಿಸಿ, ಸ್ಕೌಟ್ಸ್-ಗೈಡ್ಸ್. ಎಲ್ಲವೂ ಒಳ್ಳೆಯವೇ. ಎನ್‌ಸಿಸಿ ರಕ್ಷಣಾ ಇಲಾಖೆಯದ್ದು, ಅಲ್ಲಿ ಬಂದೂಕಿನ ತರಬೇತಿಯೂ ಇದೆ. ಎಸ್‌ಪಿಸಿ ಅಂದರೆ ಸ್ಟೂಡೆಂಟ್ ಪೊಲೀಸ್ ಕೆಡೆಟ್, 2010ರಲ್ಲಿ ಕೇರಳದಲ್ಲೇ ಶುರುವಾದದ್ದು, ಪೊಲೀಸರು ಮತ್ತು ಶಾಲೆ ಸೇರಿ ನಡೆಸುವಂಥದ್ದು. ಜೆಆರ್‌ಸಿ ರೆಡ್‌ಕ್ರಾಸಿನದ್ದು. ಲಿಟ್ಲ್ ಕೈಟ್ಸ್ ಕಂಪ್ಯೂಟರಿನದ್ದು.

ಸ್ಕೌಟಿನಲ್ಲಿ ಆಯುಧ ಇಲ್ಲ. ಕೈಯಲ್ಲಿರುವುದು ಹಗ್ಗ ಮತ್ತು ದೊಣ್ಣೆ. ಆ ದೊಣ್ಣೆಯೂ ಹೊಡೆಯಲಿಕ್ಕಲ್ಲ, ಎರಡು ದೊಣ್ಣೆ ಒಂದು ಕಂಬಳಿ ಸೇರಿಸಿ ಗಾಯಾಳುವನ್ನು ಹೊರಲಿಕ್ಕೆ. ಬೇಡನ್ ಪೊವೆಲ್ ಸೈನಿಕರಾಗಿದ್ದರು ಎಂಬುದು ನಿಜ. ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಎಂಬ ಊರನ್ನು ಶತ್ರುಗಳು 217 ದಿನ ಮುತ್ತಿಗೆ ಹಾಕಿದ್ದಾಗ ಅವರೇ ಅಲ್ಲಿನ ಸೇನಾಪತಿ. ಹುಡುಗರು ಸುದ್ದಿ ಮುಟ್ಟಿಸುವ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆ ಎಂದು ಅವರು ಕಂಡದ್ದು ಅಲ್ಲಿ. ಆದರೆ ಅಲ್ಲಿಂದ ಅವರು ತಂದದ್ದು ಯುದ್ಧವನ್ನಲ್ಲ. ಕೆಲಸ ಕೊಟ್ಟರೆ ಹುಡುಗರು ಮಾಡುತ್ತಾರೆ ಎಂಬ ತಿಳಿವನ್ನು.

ಯಾವುದಕ್ಕೆ ಸೇರಬೇಕು ಅಂತ ನನ್ನನ್ನು ಕೇಳಿದರೆ, ಮಗುವನ್ನು ಕೇಳಿ ಅನ್ನುತ್ತೇನೆ.

ಪ್ರತಿಜ್ಞೆಯಲ್ಲಿ ಏನಿದೆ?

ಮೂರೇ ಮಾತು. ದೇವರಿಗೆ ಮತ್ತು ದೇಶಕ್ಕೆ ಸಲ್ಲಬೇಕಾದ ಕರ್ತವ್ಯ ಮಾಡುತ್ತೇನೆ, ಇತರರಿಗೆ ನೆರವಾಗುತ್ತೇನೆ, ಸ್ಕೌಟ್ ನಿಯಮಗಳನ್ನು ಪಾಲಿಸುತ್ತೇನೆ. ಮೂರು ಬೆರಳಿನ ಸೆಲ್ಯೂಟ್ ಇದನ್ನೇ ನೆನಪಿಸುವುದು. ಹೆಬ್ಬೆರಳು ಕಿರುಬೆರಳನ್ನು ಒತ್ತಿ ಹಿಡಿದಿರುತ್ತದೆ. ದೊಡ್ಡದು ಚಿಕ್ಕದನ್ನು ಕಾಯಬೇಕು ಅಂತ.

ನನಗೆ ಇಷ್ಟವಾದ ಎರಡು ವಿಷಯ ಹೇಳಬೇಕು. ಒಂದು, ಈ ಪ್ರತಿಜ್ಞೆಯಲ್ಲಿ "ಕೈಲಾದಷ್ಟು" ಎಂಬ ಮಾತಿದೆ. ಎಲ್ಲವನ್ನೂ ಮಾಡಿಯೇ ಮಾಡುತ್ತೇನೆ ಅಂತ ಹತ್ತು ವರ್ಷದ ಮಗುವಿನ ಬಾಯಲ್ಲಿ ಸುಳ್ಳು ಹೇಳಿಸುವುದಿಲ್ಲ. ಕೈಲಾದಷ್ಟು ಮಾಡುತ್ತೇನೆ, ಅಷ್ಟೇ. ಆದರೆ ಕೈಲಾದದ್ದನ್ನು ಮಾಡದೆ ಬಿಡುವ ಹಾಗೂ ಇಲ್ಲ.

ಎರಡನೆಯದು, ಆಣೆ ಯಾರ ಮೇಲೆ ಎಂಬುದು. ನಮ್ಮದು ದೈವದ ಎದುರು ಪ್ರಮಾಣ ಮಾಡುವ ಸೀಮೆ. ಸುಳ್ಳಾದರೆ ದೈವ ನೋಡಿಕೊಳ್ಳುತ್ತದೆ ಎಂಬ ಹೆದರಿಕೆಯೇ ಅದಕ್ಕೆ ಬಲ. ಸ್ಕೌಟ್ ಪ್ರತಿಜ್ಞೆ ಮಾಡುವುದು ತನ್ನ ಮಾನದ ಮೇಲೆ. ತಪ್ಪಿದರೆ ಕಾಯಿಲೆ ಬರುವುದಿಲ್ಲ, ಹಾವು ಕಚ್ಚುವುದಿಲ್ಲ, ಮಾಷ್ಟ್ರು ಹೊಡೆಯುವುದೂ ಇಲ್ಲ. ಮಗುವಿಗೂ ಮಾನ ಅಂತ ಒಂದಿದೆ, ಅದು ಸಾಕು ಎಂದು ಒಪ್ಪಿಕೊಂಡ ಹಾಗಾಯಿತು.

ದೇವರನ್ನು ನಂಬದ ಮನೆಯವರು ಏನು ಮಾಡಬೇಕು? ಯಾವುದಾದರೂ ಮತದ್ದೋ ಪಕ್ಷದ್ದೋ ಪ್ರಚಾರ ಇರುತ್ತದಾ?

"ದೇವರು" ಎಂಬಲ್ಲಿ "ಧರ್ಮ" ಎಂದು ಹೇಳಲು ಪ್ರತಿಜ್ಞೆಯಲ್ಲೇ ಅವಕಾಶ ಇದೆ. ನಮ್ಮ ದಳದಲ್ಲಿ ಬಿಲ್ಲವರ, ಬಂಟರ, ಹವ್ಯಕರ, ಬ್ಯಾರಿಗಳ, ಕ್ರಿಶ್ಚಿಯನ್ನರ ಮಕ್ಕಳು ಒಂದೇ ಪ್ರಾರ್ಥನೆಗೆ ನಿಲ್ಲುತ್ತಾರೆ. ಪಕ್ಷದ ಬಾವುಟ ಹಿಡಿಸುವ ಹಾಗಿಲ್ಲ. ಸಮವಸ್ತ್ರ ಹಾಕಿಕೊಂಡು ಪಕ್ಷದ ಮೆರವಣಿಗೆಗೆ ಹೋಗುವ ಹಾಗೂ ಇಲ್ಲ. ಯಾರಾದರೂ ಕರೆದರೆ ನನಗೆ ಹೇಳಿ.

ಒಂಬತ್ತು ನಿಯಮಗಳು ಯಾವುವು? ಅದನ್ನು ಬಾಯಿಪಾಠ ಮಾಡಿಸಿ ಏನು ಉಪಯೋಗ?

ಬಾಯಿಪಾಠದಿಂದ ಉಪಯೋಗ ಇಲ್ಲ, ಅದು ನನಗೂ ಗೊತ್ತು. ಒಂದು ವರ್ಷ ಪರೀಕ್ಷೆಗೆ ಅಂತ ಗಿಳಿಪಾಠ ಮಾಡಿಸಿದೆ. "ಸ್ಕೌಟ್ ಮಿತವ್ಯಯಿ" ಅಂತ ಜೋರಾಗಿ ಹೇಳಿದ ಹುಡುಗ ಅದೇ ಮಧ್ಯಾಹ್ನ ನಳ್ಳಿ ತಿರುಗಿಸಿ ಹಾಗೇ ಬಿಟ್ಟು ಹೋದ. ಮಿತವ್ಯಯಿ ಅಂದರೇನು ಅಂತ ಅವನಿಗೆ ಗೊತ್ತೇ ಇರಲಿಲ್ಲ. ತಪ್ಪು ನನ್ನದು.

ಸ್ಕೌಟ್ ಅಥವಾ ಗೈಡ್ ನಂಬಿಕೆಗೆ ಅರ್ಹ ಎಂಬುದು ಮೊದಲನೆಯದು. ನಿಷ್ಠೆ ಎರಡನೆಯದು. ಎಲ್ಲರಿಗೂ ಗೆಳೆಯ, ಇನ್ನೊಬ್ಬ ಸ್ಕೌಟಿಗೆ ಅಣ್ಣತಮ್ಮನ ಹಾಗೆ ಎಂಬುದು ಮೂರನೆಯದು. ಸೌಜನ್ಯ ನಾಲ್ಕು. ಪ್ರಾಣಿಗಳ ಗೆಳೆಯ, ಪ್ರಕೃತಿಯನ್ನು ಪ್ರೀತಿಸುವವ ಐದು. ಶಿಸ್ತು ಆರು, ಅದರ ಜೊತೆಗೆ ಸಾರ್ವಜನಿಕ ಆಸ್ತಿ ಉಳಿಸಲು ನೆರವಾಗುವುದು. ಧೈರ್ಯ ಏಳು. ಮಿತವಾಗಿ ಖರ್ಚು ಮಾಡುವುದು ಎಂಟು. ನಡೆ, ನುಡಿ, ಯೋಚನೆ ಮೂರರಲ್ಲೂ ಶುದ್ಧ ಎಂಬುದು ಒಂಬತ್ತು.

ಆರನೆಯದರಲ್ಲಿ ಸಾರ್ವಜನಿಕ ಆಸ್ತಿ ಸೇರಿಕೊಂಡದ್ದು ಭಾರತದ್ದೇ ಮಾತು. ಬೇಡನ್ ಪೊವೆಲ್ ಅವರ ಮೂಲ ಪಟ್ಟಿಯಲ್ಲಿ ಅದಿಲ್ಲ. ಬಸ್ಸಿನ ಸೀಟು ಹರಿದು ಹೆಸರು ಗೀಚಿದ್ದನ್ನು, ಬಸ್ ನಿಲ್ದಾಣದ ಗೋಡೆಯನ್ನು ನೋಡಿದವರಿಗೆ ಅದು ಯಾಕೆ ಬಂತು ಅಂತ ಹೇಳಬೇಕಾಗಿಲ್ಲ.

ಈಗ ನಾನು ನಿಯಮಗಳನ್ನು ಊರಿನಲ್ಲೇ ಹುಡುಕಿಸುತ್ತೇನೆ. ಮಿತವ್ಯಯ ಅಂದರೆ ಏಪ್ರಿಲ್ ತಿಂಗಳ ಸುರಂಗ. ಗುಡ್ಡ ಕೊರೆದು ಅಜ್ಜಂದಿರು ಮಾಡಿದ ಸುರಂಗದಿಂದ ನೀರು ಬೆರಳು ಗಾತ್ರಕ್ಕೆ ಇಳಿದಾಗ ಮನೆಯಲ್ಲಿ ಹೇಗೆ ಬಳಸುತ್ತೀರಿ ಅಂತ ಕೇಳಿದರೆ ಮಕ್ಕಳು ತಾವೇ ಪಾಠ ಮಾಡುತ್ತಾರೆ. ಪಾತ್ರೆ ತೊಳೆದ ನೀರು ಬಾಳೆಗೆ, ಮಿಂದ ನೀರು ತೆಂಗಿಗೆ. ಪ್ರಕೃತಿಗೆ ಪದವಿನ ಪಳ್ಳ ಇದೆ. ಪದವು ಅಂದರೆ ಗುಡ್ಡದ ಮೇಲಿನ ಮುರಕಲ್ಲಿನ ಬಯಲು, ಪಳ್ಳ ಅಂದರೆ ಅಲ್ಲಿ ಮಳೆನೀರು ನಿಂತು ಆಗುವ ಕೆರೆಯಂಥ ಜಾಗ. ಅಲ್ಲಿಗೆ ಯಾವ ಹಕ್ಕಿ ಬರುತ್ತದೆ, ಯಾವ ತಿಂಗಳಲ್ಲಿ ಬತ್ತುತ್ತದೆ ಅಂತ ಬರೆದಿಡುವುದು ಒಂದು ತಂಡದ ಕೆಲಸ. ಬರೆದಿಟ್ಟ ಮೇಲೆ ಅದೇ ಪಳ್ಳಕ್ಕೆ ಯಾರೋ ಪ್ಲಾಸ್ಟಿಕ್ ಎಸೆದಾಗ ಆ ಮಕ್ಕಳಿಗೆ ಬಂದ ಸಿಟ್ಟು ನೋಡಬೇಕಿತ್ತು. ಸಿಟ್ಟು ಬಂದದ್ದು ಒಳ್ಳೆಯದಾಯಿತು ಅಂದುಕೊಂಡೆ. ಸೌಜನ್ಯದ ನಿಯಮವನ್ನು ಮಾತ್ರ ಆವತ್ತು ಸ್ವಲ್ಪ ನೆನಪಿಸಬೇಕಾಯಿತು.

ಎಡಗೈಯಲ್ಲಿ ಕೈಕುಲುಕುವುದು ನಮ್ಮಲ್ಲಿ ಸರಿಯಲ್ಲ ಅಲ್ವಾ?

ಅಜ್ಜಿಯಂದಿರ ತಕರಾರು ಇದು. ಎಡಗೈಯಲ್ಲಿ ಕೊಡಬಾರದು, ತೆಗೆದುಕೊಳ್ಳಬಾರದು ಅಂತ ಹೇಳಿ ಬೆಳೆಸಿದವರಿಗೆ ಮೊಮ್ಮಗ ಎಡಗೈ ಚಾಚಿದರೆ ಹೇಗನ್ನಿಸಬೇಡ.

ಸ್ಕೌಟ್‌ಗಳಲ್ಲಿ ಇದಕ್ಕೊಂದು ಕಥೆ ಇದೆ. ಪಶ್ಚಿಮ ಆಫ್ರಿಕಾದ ಅಶಾಂತಿ ಜನರ ಯೋಧ ಬಲಗೈಯಲ್ಲಿ ಈಟಿ, ಎಡಗೈಯಲ್ಲಿ ಗುರಾಣಿ ಹಿಡಿಯುತ್ತಾನೆ. ಎಡಗೈ ಚಾಚಬೇಕಾದರೆ ಗುರಾಣಿ ಕೆಳಗಿಡಬೇಕು. ಅಂದರೆ, ನೀನು ನನಗೆ ಹೊಡೆಯುವುದಿಲ್ಲ ಎಂದು ನಂಬಿದ್ದೇನೆ ಅಂತ. ಕಥೆ ನಡೆದದ್ದೇ ಹೌದಾ ಅಂತ ವಾದ ಮಾಡುವುದು ಬೇಡ, ಅರ್ಥ ಚೆನ್ನಾಗಿದೆ. ಅಜ್ಜಿಗೆ ಪ್ರಸಾದ ಬಲಗೈಯಲ್ಲೇ ಕೊಡಲಿ. ಸ್ಕೌಟಿಗೆ ಮಾತ್ರ ಎಡಗೈ.

ಮಗ ಶುಕ್ರವಾರ "ಪೆಟ್ರೋಲ್ ಮೀಟಿಂಗ್" ಅನ್ನುತ್ತಾನೆ. ಏನದು?

ಗಾಡಿಗೆ ಹಾಕುವ ಪೆಟ್ರೋಲ್ ಅಲ್ಲ! ಒಬ್ಬರು ನಿಜವಾಗಿಯೂ ದುಡ್ಡು ಕಳಿಸಿದ್ದರು. ಆರರಿಂದ ಎಂಟು ಮಕ್ಕಳ ತಂಡಕ್ಕೆ ಪೆಟ್ರೋಲ್ ಅನ್ನುತ್ತಾರೆ, ಗಸ್ತು ತಂಡ ಎಂಬ ಅರ್ಥ. ನಾಲ್ಕು ತಂಡ ಸೇರಿದರೆ ಒಂದು ದಳ. ಪ್ರತಿ ತಂಡಕ್ಕೂ ಮಕ್ಕಳಲ್ಲೇ ಒಬ್ಬ ಲೀಡರ್, ಅವನಿಗೊಬ್ಬ ಜೊತೆಗಾರ. ಒಬ್ಬ ಲೆಕ್ಕ ಬರೆಯುತ್ತಾನೆ, ಒಬ್ಬ ಅಡುಗೆ ಸಾಮಾನು ನೋಡಿಕೊಳ್ಳುತ್ತಾನೆ, ಒಬ್ಬ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಕೆಲಸ ಇಲ್ಲದವ ಇಲ್ಲ.

ಇಡೀ ಚಳವಳಿ ನಿಂತಿರುವುದು ಇದರ ಮೇಲೆ. ಸ್ಕೌಟ್ ಮಾಸ್ಟರ್ ಮೂವತ್ತು ಮಕ್ಕಳನ್ನು ಸಾಲಲ್ಲಿ ನಿಲ್ಲಿಸಿ ಆಜ್ಞೆ ಮಾಡಿದರೆ ಅದು ಡ್ರಿಲ್ ಮಾತ್ರ. ನಾಲ್ಕು ಲೀಡರ್‌ಗಳಿಗೆ ಹೇಳಿ ತಾನು ದೂರ ನಿಂತರೆ ಸ್ಕೌಟಿಂಗ್. ದೂರ ನಿಲ್ಲುವುದು ಎಷ್ಟು ಕಷ್ಟ ಅಂತ ನಿಮಗೆ ಹೇಗೆ ಹೇಳಲಿ. ಗಂಜಿ ತಳ ಹಿಡಿಯುವ ವಾಸನೆ ಬರುತ್ತಿರುತ್ತದೆ. ನಾಲ್ಕು ಹೆಜ್ಜೆ ಹೋಗಿ ಸೌಟು ಆಡಿಸಿದರೆ ಮುಗಿಯಿತು. ಹೋಗಬಾರದು. ಆ ದಿನ ತಳ ಹಿಡಿದ ಗಂಜಿಯನ್ನು ಎಂಟು ಜನ ಗೊಣಗುತ್ತಾ ಉಣ್ಣುತ್ತಾರೆ. ಮರುದಿನ ಅದೇ ಲೀಡರ್ ಒಲೆ ಬಿಟ್ಟು ಕದಲುವುದಿಲ್ಲ.

ತಂಡದಲ್ಲಿ ಜಗಳ ಬಂದರೆ ಮೊದಲು ತಂಡದಲ್ಲೇ ತೀರ್ಮಾನ. ಆಗದಿದ್ದರೆ ಲೀಡರ್‌ಗಳೆಲ್ಲ ಕೂರುವ ಮಾನ ಸಭೆ. ನಾನು ಕೂರುತ್ತೇನೆ, ಆದರೆ ಮಾತು ಕಡಿಮೆ. ಒಮ್ಮೆ ಒಂದು ತಂಡದ ಸಣ್ಣ ಹಣದ ಲೆಕ್ಕ ತಪ್ಪಿತು. ಲೆಕ್ಕದ ಹುಡುಗ ಕಿಸೆಗೆ ಹಾಕಿಕೊಂಡ ಅಂತ ಎಲ್ಲರಿಗೂ ಗುಮಾನಿ. ತೆಗೆದುಹಾಕಿ ಅಂತ ಮೂವರು ಹೇಳಿದರು. ನಾಲ್ಕನೆಯವಳು, ಅಂದರೆ ಆ ದಿನ ಜೊತೆಗೆ ಕೂತಿದ್ದ ಗೈಡ್ ಲೀಡರ್, "ಇನ್ನೊಂದು ತಿಂಗಳು ಅವನ ಹತ್ತಿರವೇ ಇರಲಿ, ವಾರ ವಾರ ಓದಿ ಹೇಳಲಿ" ಅಂದಳು. ನನಗೆ ಹೊಳೆಯದ ಉಪಾಯ ಅದು. ಆ ಹುಡುಗ ವರ್ಷದ ಕೊನೆಯವರೆಗೂ ಲೆಕ್ಕ ಬರೆದ. ಒಂದು ರೂಪಾಯಿ ಆಚೀಚೆ ಆಗಲಿಲ್ಲ.

ನಮ್ಮ ಮಗುವಿಗೆ ಮಲಯಾಳ ಸರಿಯಾಗಿ ಬರುವುದಿಲ್ಲ. ಜಿಲ್ಲಾ ಶಿಬಿರದಲ್ಲಿ ಕಷ್ಟ ಆಗುವುದಿಲ್ವಾ?

ಮೊದಲ ದಿನ ಆಗುತ್ತದೆ. ಸುಳ್ಳು ಹೇಳುವುದಿಲ್ಲ. ಶಿಬಿರದ ಸೂಚನೆಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಕವಾಯತಿನ ಮಾತು, ಪ್ರಾರ್ಥನೆ, ಹಂತಗಳ ಹೆಸರು ಹಿಂದಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಗು ಬಾಯಿ ಬಿಡದೆ ಮೂಲೆ ಹಿಡಿಯುತ್ತದೆ.

ಒಂದು ಶಿಬಿರದಲ್ಲಿ ನಮ್ಮ ತಂಡದವರು ಉಪ್ಪು ಮರೆತು ಬಂದಿದ್ದರು. ಪಕ್ಕದ ಡೇರೆ ತೆಂಕಣ ಕಡೆಯ ಮಲಯಾಳ ಶಾಲೆಯವರದ್ದು. ಯಾರು ಹೋಗಿ ಕೇಳುವುದು? ಲೀಡರ್ ಅತಿ ನಾಚಿಕೆಯ ಹುಡುಗನನ್ನೇ ಕಳಿಸಿದ. ಅವನು ಚಿಪ್ಪು ಹಿಡಿದು ಹೋಗಿ ಹತ್ತು ನಿಮಿಷ ಬರಲೇ ಇಲ್ಲ. ಏನಾಯಿತು ಅಂತ ನಾನು ಇಣುಕಿದರೆ ಅಲ್ಲಿ ಕೂತು ನಗುತ್ತಿದ್ದಾನೆ. "ಸರ್, ಉಪ್ಪಿಗೆ ಅವರೂ ಉಪ್ಪು ಅಂತಲೇ ಹೇಳೋದು!" ಕನ್ನಡಕ್ಕೂ ತುಳುವಿಗೂ ಮಲಯಾಳಕ್ಕೂ ಒಂದೇ ಉಪ್ಪು. ಆಮೇಲೆ ಆ ಎರಡು ಡೇರೆಗಳ ಮಕ್ಕಳು ಇನ್ನೇನೇನು ಒಂದೇ ಅಂತ ಪಟ್ಟಿ ಮಾಡುತ್ತಾ ಕೂತರು.

ಕನ್ನಡ ಬಿಟ್ಟುಬಿಡುತ್ತಾನೇನೋ ಅಂತ ಹೆದರಬೇಡಿ. ಶಿಬಿರಾಗ್ನಿಯ ಸುತ್ತ ಪ್ರತಿ ತಂಡವೂ ತನ್ನದನ್ನು ತೋರಿಸಬೇಕು. ನಮ್ಮ ಮಕ್ಕಳು ಯಕ್ಷಗಾನದ ಎರಡು ಹೆಜ್ಜೆ ಹಾಕಿದರೆ ಚಪ್ಪಾಳೆ ನಿಲ್ಲುವುದಿಲ್ಲ. ನಮ್ಮಲ್ಲಿ ಏನಿದೆ ಅಂತ ಅವರಿಗೆ ಗೊತ್ತಾಗುವುದು ಇನ್ನೊಬ್ಬರಿಗೆ ತೋರಿಸುವಾಗಲೇ.

ಹುಡುಗಿಯರನ್ನು ರಾತ್ರಿ ಶಿಬಿರಕ್ಕೆ ಹೇಗೆ ಕಳಿಸುವುದು?

ಗೈಡ್ಸ್‌ಗೆ ಹೆಂಗಸರೇ ಗೈಡ್ ಕ್ಯಾಪ್ಟನ್. ಅವರಿಲ್ಲದೆ ರಾತ್ರಿ ಶಿಬಿರ ಇಲ್ಲ. ನಿಮ್ಮ ಬರಹದ ಒಪ್ಪಿಗೆ ಬೇಕೇ ಬೇಕು. ಎಲ್ಲಿ ಮಲಗುತ್ತಾರೆ, ಶೌಚಾಲಯ ಎಲ್ಲಿ, ಯಾರು ಜೊತೆಗಿರುತ್ತಾರೆ ಅಂತ ಕೇಳಿ. ಕೇಳಿದರೆ ಬೇಸರ ಮಾಡಿಕೊಳ್ಳುವ ಶಿಬಿರಕ್ಕೆ ಕಳಿಸಬೇಡಿ. ಮಕ್ಕಳಿಗೆ ಯಾರಿಂದಲೂ ತೊಂದರೆ ಆಗಬಾರದು ಎಂಬುದಕ್ಕೆ ವಿಶ್ವ ಸ್ಕೌಟ್ ಸಂಸ್ಥೆಯದ್ದೇ ನೀತಿ ಇದೆ. ಮುಟ್ಟಬಾರದ ಹಾಗೆ ಯಾರು ಮುಟ್ಟಿದರೂ, ಅದು ಮಾಷ್ಟ್ರೇ ಆಗಿರಲಿ, ಮನೆಯಲ್ಲಿ ಹೇಳಬೇಕು ಎಂದು ನಾವೇ ಮಕ್ಕಳಿಗೆ ಹೇಳಿಕೊಡುತ್ತೇವೆ.

ಹುಡುಗರಿಗೂ ಇದು ಅಷ್ಟೇ ಅನ್ವಯಿಸುತ್ತದೆ. ಅವರ ವಿಷಯದಲ್ಲಿ ಯಾರೂ ಕೇಳುವುದೇ ಇಲ್ಲ.

ಗಂಟು ಹಾಕಲು ಕಲಿತು ಈ ಕಾಲದಲ್ಲಿ ಏನು ಮಾಡುವುದು?

ತೋಟ ಇರುವ ಮನೆಯವರು ಇದನ್ನು ಕೇಳುವುದಿಲ್ಲ. ಅಡಿಕೆ ಮರ ಹತ್ತುವವರ ತಳೆ, ದನದ ಹಗ್ಗ, ಸೊಪ್ಪಿನ ಹೊರೆ, ಎಲ್ಲವೂ ಗಂಟೇ. ಕಂಬಕ್ಕೆ ಕಟ್ಟುವ ಕ್ಲೋವ್ ಹಿಚ್ ತೋರಿಸಿದಾಗ ಒಬ್ಬ ಹುಡುಗ "ಇದು ನಮ್ಮ ಅಜ್ಜ ಹಟ್ಟಿಯಲ್ಲಿ ಹಾಕುವುದು" ಅಂದ. ಅಜ್ಜನಿಗೆ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ ಅಷ್ಟೇ.

ರೀಫ್ ಗಂಟು ಚಪ್ಪಟೆಯಾಗಿ ಕೂರುತ್ತದೆ, ಗಾಯದ ಬಟ್ಟೆಗೆ ಒಳ್ಳೆಯದು. ಬೋಲೈನ್ ಕುಣಿಕೆ ಎಳೆದಷ್ಟು ಬಿಗಿಯುವುದಿಲ್ಲ, ಅದಕ್ಕೇ ಬಾವಿಗೆ ಬಿದ್ದವರ ಸೊಂಟಕ್ಕೆ ಅದು. ದಪ್ಪ ಹಗ್ಗ, ತೆಳು ಹಗ್ಗ ಸೇರಿಸಲು ಶೀಟ್ ಬೆಂಡ್.

ಎಲ್ಲಿ ಕಟ್ಟಬಾರದು ಎಂಬುದನ್ನೂ ಕಲಿಸುತ್ತೇವೆ. ಹಾವು ಕಚ್ಚಿದ ಕಾಲಿಗೆ ಹಗ್ಗ ಬಿಗಿಯಬಾರದು. ಕುಯ್ಯಬಾರದು, ಬಾಯಲ್ಲಿ ಹೀರಬಾರದು. ಅಲುಗಾಡದ ಹಾಗೆ ಮಲಗಿಸಿ, ಧೈರ್ಯ ಹೇಳಿ, ನೇರ ಆಸ್ಪತ್ರೆಗೆ. ನಮ್ಮ ಕಡೆ ಇನ್ನೂ ಬಿಗಿಯಾಗಿ ಕಟ್ಟುವವರಿದ್ದಾರೆ. ಮನೆಯಲ್ಲಿ ದೊಡ್ಡವರನ್ನು ತಡೆದು ಹೇಳುವಷ್ಟು ಗಟ್ಟಿಯಾಗಿ ಮಗುವಿಗೆ ಇದು ಗೊತ್ತಿರಬೇಕು. ಏಳನೇ ನಿಯಮದ ಧೈರ್ಯ ಅಂದರೆ ಇದೂ ಹೌದು.

ದಿನಕ್ಕೊಂದು ಒಳ್ಳೆಯ ಕೆಲಸ ಅಂತಾರೆ. ನಮ್ಮ ಮಗಳು ಮನೆಯಲ್ಲಿ ಒಂದು ಲೋಟ ಎತ್ತುವುದಿಲ್ಲ!

ಹೌದು, ಅದೊಂದು ರೋಗ. ಶಾಲೆಯಂಗಳ ಗುಡಿಸುವ ಮಕ್ಕಳು ಮನೆಯಂಗಳ ಗುಡಿಸುವುದಿಲ್ಲ. ಅಲ್ಲಿ ನೋಡುವವರಿದ್ದಾರೆ ನೋಡಿ. ಹಾಗಾಗಿ ನಮ್ಮಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ಮಾಡಿದ ಕೆಲಸವನ್ನು ಯಾರಿಗೂ ಹೇಳಬಾರದು, ಫೋಟೊ ಬೇಡ, ಡೈರಿಯಲ್ಲೂ ಬೇಡ. ಸಂಬಳ, ಬಹುಮಾನ ಬಯಸದೆ ಮಾಡಬೇಕು ಎಂಬುದೇ ಮೊದಲಿನಿಂದ ಬಂದ ರೀತಿ. ಹಾಗಾಗಿ ನಿಮ್ಮ ಮಗಳು ಏನೂ ಮಾಡುತ್ತಿಲ್ಲ ಅಂತ ನಾನು ಖಚಿತವಾಗಿ ಹೇಳಲಾರೆ. ಲೋಟದ ವಿಷಯ ಮಾತ್ರ ಸೋಮವಾರ ಅವಳ ಲೀಡರಿನ ಕಿವಿಗೆ ಹಾಕುತ್ತೇನೆ.

ಯಾವ ವಯಸ್ಸಿಗೆ ಏನು?

ತೀರಾ ಚಿಕ್ಕವರ ವಿಭಾಗಕ್ಕೆ "ಬನ್ನಿ" ಎಂದು ಹೆಸರು, ಇಂಗ್ಲಿಷಿನಲ್ಲಿ ಮೊಲದ ಮರಿ ಎಂಬ ಅರ್ಥ. ಹತ್ತು ವರ್ಷದೊಳಗಿನ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. ಹತ್ತು ದಾಟಿದ ಮೇಲೆ ಸ್ಕೌಟ್, ಗೈಡ್. ಆಮೇಲೆ ಕಾಲೇಜಿನ ವಯಸ್ಸಿನಲ್ಲಿ 25ರವರೆಗೆ ರೋವರ್, ರೇಂಜರ್.

ಸ್ಕೌಟ್, ಗೈಡ್ ಹಂತಗಳು ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ಒಂದರಿಂದ ಇನ್ನೊಂದಕ್ಕೆ ತಿಂಗಳುಗಳ ಅಂತರ ಇರಲೇಬೇಕು. ಒಂಬತ್ತನೇ ಕ್ಲಾಸಿನಲ್ಲಿ ಬಂದು "ರಾಜ್ಯ ಪುರಸ್ಕಾರ ಮಾಡಿಸಿ ಕೊಡಿ" ಅಂದರೆ ನನ್ನಿಂದ ಆಗದು. ಐದು, ಆರರಲ್ಲೇ ಬನ್ನಿ.

ಖರ್ಚು ತುಂಬಾ ಆಗುತ್ತದಾ?

ಸಮವಸ್ತ್ರವೇ ದೊಡ್ಡ ಖರ್ಚು. ಅಣ್ಣನ ಅಂಗಿ ತಮ್ಮನಿಗೆ ಆಗುತ್ತದೆ. ಶಾಲೆ ಬಿಟ್ಟು ಹೋದವರು ಕೊಟ್ಟ ಸ್ಕಾರ್ಫ್, ಬೆಲ್ಟ್ ನಮ್ಮ ಕಪಾಟಿನಲ್ಲಿವೆ. ದುಡ್ಡಿಲ್ಲ ಅಂತ ಯಾವ ಮಗುವೂ ಹೊರಗೆ ಉಳಿಯಬಾರದು. ನನ್ನ ಹತ್ತಿರ ಒಬ್ಬರೇ ಬಂದು ಹೇಳಿ, ಮೂರನೆಯವರಿಗೆ ಗೊತ್ತಾಗುವುದಿಲ್ಲ.

ಓದಿಗೆ ತೊಂದರೆ?

ವಾರಕ್ಕೆ ಒಂದೆರಡು ಗಂಟೆ. ಮೊಬೈಲಿಗೆ ಹೋಗುವುದರ ಮುಂದೆ ಏನೂ ಅಲ್ಲ.

ಹತ್ತನೇ ಕ್ಲಾಸ್ ಮುಗಿಸಿ ಮಂಗಳೂರಿಗೋ ಪುತ್ತೂರಿಗೋ ಹೋದರೆ ಎಲ್ಲ ಮುಗಿಯಿತಾ?

ಇಲ್ಲ. ಕೇರಳದಲ್ಲೂ ಕರ್ನಾಟಕದಲ್ಲೂ ಇರುವುದು ಒಂದೇ ರಾಷ್ಟ್ರೀಯ ಸಂಸ್ಥೆಯ ಶಾಖೆಗಳು. ಪ್ರತಿಜ್ಞೆ ಅದೇ, ನಿಯಮ ಅದೇ, ಎಡಗೈಯೂ ಅದೇ. ಪ್ರಮಾಣಪತ್ರ ಜೋಪಾನವಾಗಿಟ್ಟುಕೊಂಡು ಅಲ್ಲಿನ ಕಾಲೇಜಿನಲ್ಲಿ ರೋವರ್ಸ್ ಅಥವಾ ರೇಂಜರ್ಸ್ ಇದ್ದರೆ ಸೇರಬಹುದು. 1956ರಲ್ಲಿ ಗಡಿ ಎಳೆದ ಮೇಲೆ ನಮ್ಮ ಕಡೆಯವರಿಗೆ ತಲಪಾಡಿ ದಾಟಿದರೆ ಕಾಗದಪತ್ರ ಎಲ್ಲ ಹೊಸತು. ಇದೊಂದಾದರೂ ಹಳೆಯದೇ ನಡೆಯುತ್ತದೆ.

2022ರ ಡಿಸೆಂಬರ್‌ನಲ್ಲಿ ಮೂಡು­ಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ, ಅಂದರೆ ಸ್ಕೌಟ್-ಗೈಡ್‌ಗಳ ದೊಡ್ಡ ಮೇಳ, ಆಯಿತು. ನಮಗೆ ತಿರುವನಂತಪುರಕ್ಕಿಂತ ಎಷ್ಟೋ ಹತ್ತಿರ. ಹೆಣ್ಣುಮಕ್ಕಳಿಗೆ ಇನ್ನೊಂದು ಜಾಗ ಹೇಳುತ್ತೇನೆ. ಜಗತ್ತಿನ ಗೈಡ್‌ಗಳಿಗಾಗಿ ಇರುವ ಐದು ವಿಶ್ವ ಕೇಂದ್ರಗಳಲ್ಲಿ ಒಂದು ನಮ್ಮ ದೇಶದಲ್ಲೇ ಇದೆ. ಪುಣೆಯ ಸಂಗಮ್, 1966ರಲ್ಲಿ ತೆರೆದದ್ದು. ಕೊಂಕಣ ರೈಲು ಹತ್ತಿ ಹೋಗಿ ಬರುವ ಕನಸು ಕಾಣಲು ಅಡ್ಡಿಯಿಲ್ಲ.

ಇಷ್ಟ ಆಗದಿದ್ದರೆ ಬಿಡಬಹುದಾ?

ಧಾರಾಳವಾಗಿ. ಸ್ವಯಂಪ್ರೇರಿತ ಅಂದರೆ ಅದೇ ತಾನೆ. ಬಿಡುವ ಮೊದಲು ತಂಡದವರಿಗೆ ಹೇಳಿ ಬಿಡಲಿ. ಅವನ ಪಾಲಿನ ಕೆಲಸ ಯಾರಾದರೂ ವಹಿಸಿಕೊಳ್ಳಬೇಕು.

ಸೇರಲು ಏನು ಮಾಡಬೇಕು? ಮೊದಲ ದಿನ ಏನು ತರಬೇಕು?

ನಿಮ್ಮ ಶಾಲೆಯಲ್ಲಿ ದಳ ಇದೆಯಾ ಅಂತ ಹೆಡ್‌ಮಾಷ್ಟ್ರನ್ನು ಕೇಳಿ. ಇಲ್ಲದಿದ್ದರೆ ಒಬ್ಬ ಟೀಚರನ್ನಾದರೂ ತರಬೇತಿಗೆ ಕಳಿಸಿ ಅಂತ ಪಿಟಿಎ ಸಭೆಯಲ್ಲಿ ಒತ್ತಾಯ ಮಾಡಿ. ತರಬೇತಿ ಪಡೆದವರು ಇಲ್ಲದೆ ದಳ ನಡೆಸುವ ಹಾಗಿಲ್ಲ.

ಮೊದಲ ದಿನಕ್ಕೆ ಸಮವಸ್ತ್ರ ಬೇಡ, ಅದು ಪ್ರತಿಜ್ಞೆ ತೆಗೆದುಕೊಳ್ಳುವ ಹೊತ್ತಿಗೆ ಸಾಕು. ಒಂದೂವರೆ ಮಾರು ಹಗ್ಗ ತರಲಿ. ಪೇಟೆಯ ನೈಲಾನ್ ಹಗ್ಗ ಬೇಡ, ಕಲಿಯುವವರ ಕೈಯಲ್ಲಿ ಗಂಟು ಜಾರುತ್ತದೆ. ಹಟ್ಟಿಯಲ್ಲಿ ಹಳೆಯ ಹತ್ತಿ ಹಗ್ಗ ಇದ್ದರೆ ಅದೇ ಒಳ್ಳೆಯದು. ದನಕ್ಕೆ ಬೇಕಾದದ್ದನ್ನು ಬಿಚ್ಚಿಕೊಂಡು ಬರಬಾರದು ಅಂತ ಹೇಳಿ ಕಳಿಸಿ. ಹೋದ ವರ್ಷ ಒಬ್ಬ ಹಾಗೆ ಮಾಡಿ, ಮಧ್ಯಾಹ್ನದವರೆಗೆ ಅವರಪ್ಪ ದನ ಹುಡುಕಿದ್ದಾರೆ.